ಸ್ಲೋ ಕಪ್ಪು-ಬಿಳುಪು ಫಿಲ್ಮ್: ಯಾವುದಕ್ಕೆ ಯಾವ ಡೆವಲಪರ್?

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್‌ಫೋರ್ಡ್ ಎಚ್‌ಪಿ5 ಒಂದನ್ನೇ ಬಳಸುತ್ತಿದ್ದೆ. ಮನೆಯಲ್ಲೇ ಡಿ-76 ಅನ್ನೋ ಡೆವಲಪರಿನಲ್ಲಿ (ಫಿಲ್ಮಿನ ಬಿಂಬ ಮೂಡಿಸೋ ದ್ರಾವಣ) ಡೆವಲಪ್ ಮಾಡುತ್ತೇನೆ, ತೊಂದರೆ ಏನಿಲ್ಲ. ಈಗ ಸ್ಲೋ ಫಿಲ್ಮ್, ಅಂದ್ರೆ ಜಾಸ್ತಿ ಬೆಳಕು ಬೇಡೋ ಕಡಿಮೆ ಐಎಸ್‌ಒ ಫಿಲ್ಮ್ ಕಡೆ ಮನಸ್ಸು ಹೋಗಿದೆ. ಲಾಲ್‌ಬಾಗಿನ ಬಂಡೆ, ಹಲಸೂರು ಸೋಮೇಶ್ವರ ದೇವಸ್ಥಾನದ ಕಂಬಗಳು, ಬಸವನಗುಡಿಯ ಹಳೇ ಮನೆಗಳ ಕಿಟಕಿ ಸರಳು, ಇಂಥವನ್ನೆಲ್ಲ ದೊಡ್ಡ ಸೈಜಿನಲ್ಲಿ ಪ್ರಿಂಟ್ ಹಾಕಬೇಕು ಅಂತ ಆಸೆ. ಕ್ಯಾಮರಾ 35 ಎಂಎಂ.

ಪ್ಯಾನ್ ಎಫ್ ಪ್ಲಸ್ 50, ರೋಲೈ ಆರ್‌ಪಿಎಕ್ಸ್ 25, ಅಡಾಕ್ಸ್ ಸಿಎಂಎಸ್ 20, ಇಲ್ಲಾ ಅಂದ್ರೆ ಸುಮ್ನೆ ಎಫ್‌ಪಿ4, ಯಾವುದು ತಗೊಳ್ಳಲಿ? ಡೆವಲಪರ್ ಬಗ್ಗೆ ಓದಿದಷ್ಟೂ ಗೊಂದಲ. ಒಬ್ಬರು ಪರ್ಸೆಪ್ಟಾಲ್ ಅಂತಾರೆ, ಇನ್ನೊಬ್ಬರು ರೋಡಿನಾಲ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ. ಟ್ರೈಪಾಡ್ ಇದೆ. ಹೊರೋಕೆ ಸೋಮಾರಿತನ ಅಷ್ಟೇ.

ಕತ್ತಲೆ_ಕೋಣೆ

ಒಳ್ಳೇ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡಿದು ಕೂತ್ಕೊಳ್ಳಿ.

ಸ್ಲೋ ಫಿಲ್ಮಿಗೆ ಡೆವಲಪರ್ ಆರಿಸುವಾಗ ಗ್ರೇನ್ (ಚಿತ್ರದಲ್ಲಿ ಕಾಣೋ ಕಣಕಣ) ವಿಷಯ ತಲೆಯಿಂದ ತೆಗೆದುಹಾಕಿ. ಅದನ್ನು ಫಿಲ್ಮೇ ನೋಡಿಕೊಂಡಿದೆ. ನೀವು ನೋಡಬೇಕಾದ್ದು ಕಾಂಟ್ರಾಸ್ಟ್. ಎಚ್‌ಪಿ5ನಂಥ ವೇಗದ ಫಿಲ್ಮಿನಲ್ಲಿ ದೊಡ್ಡದು, ಚಿಕ್ಕದು, ಎಲ್ಲ ಅಳತೆಯ ಬೆಳ್ಳಿ ಹರಳುಗಳೂ ಬೆರೆತಿರುತ್ತವೆ. ದೊಡ್ಡವು ಸ್ವಲ್ಪ ಬೆಳಕಿಗೇ ಎಚ್ಚರವಾಗುತ್ತವೆ, ಚಿಕ್ಕವು ಜಾಸ್ತಿ ಬೆಳಕು ಬೇಡುತ್ತವೆ. ಹಾಗಾಗಿ ಅದು ಬೆಳಕು ಒಂದು ಸ್ಟಾಪ್ (ಅಂದ್ರೆ ಎರಡರಷ್ಟು ಇಲ್ಲಾ ಅರ್ಧ) ಆಚೀಚೆ ಆದರೂ ಸಹಿಸಿಕೊಳ್ಳುತ್ತೆ. 25, 50ರ ಫಿಲ್ಮುಗಳಲ್ಲಿ ಹರಳು ಸಣ್ಣವು, ಅಳತೆಯೂ ಹೆಚ್ಚುಕಡಿಮೆ ಒಂದೇ. ಎಲ್ಲವೂ ಒಟ್ಟಿಗೇ ಎದ್ದು, ಒಟ್ಟಿಗೇ ಕಪ್ಪಾಗುತ್ತವೆ. ನೆರಳು ಬೇಗ ಖಾಲಿಯಾಗುತ್ತೆ, ಬೆಳಕಿನ ಭಾಗ ಬೇಗ ಮುಚ್ಚಿಕೊಳ್ಳುತ್ತೆ.

ಇದಕ್ಕೆ ನಮ್ಮೂರಿನ ಬೆಳಕು ಸೇರಿಸಿ. ಕಬ್ಬನ್ ಪಾರ್ಕಿನ ಮಳೆಮರದ ಕೆಳಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತು ನೋಡಿ. ಎಲೆ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗೂ ಅದರ ಪಕ್ಕದ ನೆರಳಿಗೂ ಐದಾರು ಸ್ಟಾಪ್ ವ್ಯತ್ಯಾಸ ಇರುತ್ತೆ. ಪ್ಯಾನ್ ಎಫ್ ಹಾಕಿಕೊಂಡು ಪುಸ್ತಕದಲ್ಲಿ ಹೇಳಿದಷ್ಟೇ ಹೊತ್ತು ಡೆವಲಪ್ ಮಾಡಿದರೆ ಆ ಚುಕ್ಕೆಯಲ್ಲಿ ಏನೂ ಉಳಿಯಲ್ಲ.

ಈಗ ಡೆವಲಪರ್. ಡಿ-76ರಲ್ಲಿ ಲೀಟರಿಗೆ 100 ಗ್ರಾಂ ಸೋಡಿಯಂ ಸಲ್ಫೈಟ್ ಇದೆ. ಅಷ್ಟು ಸಲ್ಫೈಟ್ ಬೆಳ್ಳಿ ಹರಳಿನ ಅಂಚನ್ನು ನಿಧಾನವಾಗಿ ಕರಗಿಸುತ್ತೆ. ಎಚ್‌ಪಿ5ಗೆ ಅದರಿಂದ ಲಾಭ, ಗ್ರೇನ್ ಮೆತ್ತಗಾಗುತ್ತೆ. ಪರ್ಸೆಪ್ಟಾಲ್ ಇದೇ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತೆ. ಆದರೆ ಕಣ್ಣಿಗೆ ಗ್ರೇನೇ ಕಾಣದ ಫಿಲ್ಮಿನಲ್ಲಿ ಕರಗಿಸೋಕೆ ಏನಿದೆ? ಅಂಚಿನ ಚೂಪು ಹೋಗೋದೊಂದೇ ಬಂತು.

ರೋಡಿನಾಲ್ ಬೇರೆ ಜಾತಿ. 1891ರಲ್ಲಿ ಪೇಟೆಂಟ್ ಆದ ಹಳೇ ಮುದುಕ. ಪ್ಯಾರಾ-ಅಮೈನೋಫಿನಾಲ್ ಅದರ ಜೀವ. ಬೆರೆಸಿದ ಮೇಲೆ ಸಲ್ಫೈಟ್ ತೀರಾ ಕಡಿಮೆ ಉಳಿಯೋದರಿಂದ ಗ್ರೇನ್ ಇದ್ದಹಾಗೇ ಕಾಣುತ್ತೆ, ಅಂಚು ಕೊರೆದಹಾಗೆ ಬರುತ್ತೆ. ವೇಗದ ಫಿಲ್ಮಿನಲ್ಲಿ ಕೆಲವರಿಗೆ ಇದು ಇಷ್ಟವಾಗಲ್ಲ. ಪ್ಯಾನ್ ಎಫ್‌ಗೆ ಹೇಳಿ ಮಾಡಿಸಿದ ಜೋಡಿ. 1+50 (ಒಂದು ಪಾಲು ಡೆವಲಪರಿಗೆ 50 ಪಾಲು ನೀರು), 20 ಡಿಗ್ರಿ, 11 ನಿಮಿಷ ಅಂತ ಇಲ್‌ಫೋರ್ಡ್‌ನವರೇ ಕೊಟ್ಟಿದ್ದಾರೆ. ಬಿಸಿಲಿನ ದಿನ ನಾನು ಲೈಟ್ ಮೀಟರನ್ನು ಐಎಸ್‌ಒ 32ಕ್ಕೆ ಇಟ್ಟು ಸಮಯವನ್ನು ಹತ್ತಿಪ್ಪತ್ತು ಶೇಕಡಾ ಇಳಿಸುತ್ತೇನೆ. ಟ್ಯಾಂಕನ್ನು ನಿಮಿಷಕ್ಕೊಂದು ಸಲ ಮೆಲ್ಲಗೆ ತಿರುಗಿಸಿದರೆ ಸಾಕು. ಬೆಳಕು ಜಾಸ್ತಿ ಬಿದ್ದ ಕಡೆ ಡೆವಲಪರ್ ಬೇಗ ಸುಸ್ತಾಗುತ್ತೆ, ನೆರಳಿನಲ್ಲಿ ಕೆಲಸ ಮುಂದುವರಿಯುತ್ತೆ. ಬೇಕಾದ್ದು ಅದೇ ಅಲ್ವಾ?

ಹಳೇ_ಸ್ಟುಡಿಯೋ

ನೋಡಪ್ಪ, ಇಷ್ಟೊಂದು ಹೆಸರು ಕೇಳಿ ತಲೆ ಕೆಡಿಸಿಕೋಬೇಡ. ನಾವು ಚಾಮರಾಜಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಕಾಲಕ್ಕೆ ಸಿಗ್ತಿದ್ದ ಸ್ಲೋ ಫಿಲ್ಮ್ ಅಂದ್ರೆ ಪೂರ್ವ ಜರ್ಮನಿಯ ಓರ್ವೋ ಎನ್‌ಪಿ15, 25 ಎಎಸ್‌ಎ, ಅಂದ್ರೆ ಈಗಿನ ಐಎಸ್‌ಒ 25. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ ಇಂದು ಬ್ರಾಂಡ್ ಇತ್ತು. ಎಲ್ಲಾನೂ ಒಂದೇ ಡಿ-76ರಲ್ಲಿ ತೊಳೀತಿದ್ವಿ. ಅದನ್ನೂ ನಾವೇ ತೂಕ ಹಾಕಿ ಮಾಡೋದು. ಮೆಟಾಲ್ 2 ಗ್ರಾಂ, ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬಿಳಿಗಾರ 2, ಒಂದು ಲೀಟರ್ ನೀರು. ಈಗಲೂ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ.

ಡಿ-76 ಅಂಚು ಕರಗಿಸುತ್ತೆ ಅಂತ ಮೇಲಿನವರು ಬರೆದಿದ್ದಾರೆ. ನಿಜ, ಆದ್ರೆ ನೀರು ಬೆರೆಸದೆ ಗಟ್ಟಿಯಾಗಿ ಬಳಸಿದ್ರೆ ಮಾತ್ರ. 1+1 ಮಾಡು, 1+3 ಮಾಡು, ಸಲ್ಫೈಟ್ ತಾನಾಗೇ ಇಳಿಯುತ್ತೆ. ಪ್ಯಾನ್ ಎಫ್‌ಗೆ 1+1ರಲ್ಲಿ 8½ ನಿಮಿಷ, 1+3ರಲ್ಲಿ 15 ನಿಮಿಷ. ಮನೆಯಲ್ಲಿ ಇರೋ ಬಾಟಲಿನೇ ಸಾಕು, ಹೊಸದು ಯಾಕೆ?

ಇನ್ನೊಂದು. ನೆಗೆಟಿವ್ ಒಣಗಿದ ಮೇಲೆ ದಿನಪತ್ರಿಕೆ ಮೇಲಿಟ್ಟು ನೋಡು. ಎಲ್ಲಕ್ಕಿಂತ ಕಪ್ಪಾಗಿರೋ ಜಾಗದ ಮೂಲಕ ಅಕ್ಷರ ಓದೋಕೆ ಆಗಬೇಕು, ಕಷ್ಟಪಟ್ಟಾದ್ರೂ ಸರಿ. ಆಗಲಿಲ್ಲ ಅಂದ್ರೆ ಜಾಸ್ತಿ ತೊಳೆದಿದ್ದೀಯ ಅಂತ. ಮುಂದಿನ ರೋಲಿಗೆ ಸಮಯ ಇಳಿಸು. ನಮ್ಮ ಯಜಮಾನರು ಇದೊಂದೇ ಪಾಠ ಹೇಳಿಕೊಟ್ಟಿದ್ದು.

ಕತ್ತಲೆ_ಕೋಣೆ

ಸರ್, 1+3ರ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ರೋಡಿನಾಲ್ ಇಲ್ಲದವರು ಧಾರಾಳವಾಗಿ ಹಾಗೇ ಮಾಡಬಹುದು. ನಾನು ರೋಡಿನಾಲ್ ಕಡೆ ವಾಲೋಕೆ ಇನ್ನೊಂದು ಕಾರಣ, ಅದು ಕೆಡೋದೇ ಇಲ್ಲ. ಅರ್ಧ ಖಾಲಿ ಬಾಟಲಿ ವರ್ಷಗಟ್ಟಲೆ ಮೂಲೆಯಲ್ಲಿ ಕೂತು ಕಾಫಿ ಬಣ್ಣಕ್ಕೆ ತಿರುಗಿದರೂ ಕೆಲಸ ಮಾಡುತ್ತೆ. ಡಿ-76 ಕಲಸಿಟ್ಟರೆ ತುಂಬಿದ ಬಾಟಲಿಯಲ್ಲಿ ಆರು ತಿಂಗಳು. ಅಪರೂಪಕ್ಕೊಂದು ರೋಲ್ ಮಾಡೋರಿಗೆ ಅಷ್ಟರಲ್ಲಿ ಮುಗಿಯಲ್ಲ.

ಬೋರ್‌ವೆಲ್_ಬಡಾವಣೆ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಸರ್ಜಾಪುರ ರಸ್ತೆ, ಕಾವೇರಿ ಇಲ್ಲ, ಬರೀ ಬೋರ್‌ವೆಲ್. ಬಕೆಟ್ ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟುತ್ತೆ. ಎಚ್‌ಪಿ5ನಲ್ಲಿ ಕಾಣದ ಕಲೆಗಳು ಸ್ಲೋ ಫಿಲ್ಮಿನಲ್ಲಿ ಎದ್ದು ಕಾಣ್ತಿವೆ. ಆಕಾಶದ ತುಂಬ ಚುಕ್ಕೆ. ಜೊತೆಗೆ ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು ಕೈ ಸುಡುತ್ತೆ. 20 ಡಿಗ್ರಿ ಅಂತ ಬರೆಯೋರು ಬೆಂಗಳೂರಿಗೆ ಬಂದಿಲ್ಲ ಅನ್ಸುತ್ತೆ.

ಬೆಳ್ಳಿ_ಕಣ

ಬೋರ್‌ವೆಲ್ ಅವರೇ, ಎರಡಕ್ಕೂ ದಾರಿ ಇದೆ. ನಾನು ಕೆಮಿಸ್ಟ್ರಿ ಓದಿದವಳು, ಸ್ವಲ್ಪ ಕೊರೆದರೆ ತಡ್ಕೊಳ್ಳಿ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತೆ. ಡೆವಲಪರಿನ ಸಲ್ಫೈಟ್, ಕಾರ್ಬೊನೇಟ್ ಜೊತೆ ಸೇರಿ ಅದು ಸಣ್ಣ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತೆ. ಒಂದಷ್ಟು ಫಿಲ್ಮಿನ ಮೇಲೂ ಕೂರುತ್ತೆ. ಆಮೇಲೆ ಒಣಗುವಾಗ ಹನಿಹನಿಯಾಗಿ ಉಳಿದ ಉಪ್ಪು. ಗ್ರೇನ್ ಇರೋ ಫಿಲ್ಮಿನಲ್ಲಿ ಇದೆಲ್ಲ ಮರೆಯಾಗುತ್ತೆ. ನುಣುಪಾದ ನೆಗೆಟಿವ್‌ನಲ್ಲಿ ಅಡಗಿಕೊಳ್ಳೋಕೆ ಜಾಗವೇ ಇಲ್ಲ.

ಡೆವಲಪರ್ ಬೆರೆಸೋಕೆ ಮತ್ತು ಕೊನೆಯ ವೆಟಿಂಗ್ ಏಜೆಂಟಿಗೆ (ನೀರು ಹನಿಯಾಗಿ ನಿಲ್ಲದ ಹಾಗೆ ಮಾಡೋ ದ್ರಾವಣ) ಮಾತ್ರ ಡಿಸ್ಟಿಲ್ಡ್ ವಾಟರ್ ಬಳಸಿ. ಬ್ಯಾಟರಿ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ 5 ಲೀಟರ್ ಕ್ಯಾನ್ ಸಿಗುತ್ತೆ. ಮನೆಯ ಆರ್‌ಒ ನೀರೂ ನಡೆಯುತ್ತೆ. ನಡುವಿನ ವಾಶ್ ಬೋರ್‌ವೆಲ್ ನೀರಲ್ಲೇ ಇರಲಿ, ಪರವಾಗಿಲ್ಲ. ಅದಕ್ಕೂ ನಲ್ಲಿ ಬಿಟ್ಟುಕೊಂಡು ನಿಲ್ಲಬೇಡಿ. ಟ್ಯಾಂಕ್ ತುಂಬಿ 5 ಸಲ ತಿರುಗಿಸಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಫಿಲ್ಮಿನ ಪದರ ಗಟ್ಟಿ ಮಾಡದ ಫಿಕ್ಸರ್ (ಉಳಿದ ಬೆಳ್ಳಿ ಹರಳನ್ನು ಕರಗಿಸಿ ತೆಗೆಯೋ ದ್ರಾವಣ) ಬಳಸಿದರೆ ಇಷ್ಟೇ ಸಾಕು ಅಂತ ಇಲ್‌ಫೋರ್ಡ್ ಹೇಳುತ್ತೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕ್ಯೂ ನಿಂತವರಿಗೆ ಇದರ ಬೆಲೆ ಗೊತ್ತು.

ಇನ್ನು ಬಿಸಿ. 20ಕ್ಕೇ ಇಳಿಸಬೇಕು ಅಂತ ಒದ್ದಾಡಬೇಡಿ. ವರ್ಷವಿಡೀ 24ರಲ್ಲಿ ಮಾಡಿ. 20 ಡಿಗ್ರಿಯ ಸಮಯವನ್ನು 0.7ರಿಂದ ಗುಣಿಸಿದರೆ 24ರ ಸಮಯ ಹತ್ತಿರತ್ತಿರ ಸಿಗುತ್ತೆ. ಆದರೆ ಒಂದು ಕೊಕ್ಕೆ ಇದೆ. ಗಟ್ಟಿ ಡಿ-76ರಲ್ಲಿ ಪ್ಯಾನ್ ಎಫ್‌ನ ಸಮಯ 6½ ನಿಮಿಷ. 24ರಲ್ಲಿ ಅದು ನಾಲ್ಕೂವರೆಗೆ ಇಳಿಯುತ್ತೆ. ಐದು ನಿಮಿಷಕ್ಕಿಂತ ಕಡಿಮೆ ಆದರೆ ಡೆವಲಪರ್ ಎಲ್ಲ ಕಡೆ ಸಮವಾಗಿ ಹರಡೋ ಮೊದಲೇ ಸಮಯ ಮುಗಿದಿರುತ್ತೆ, ಆಕಾಶದಲ್ಲಿ ಪಟ್ಟೆ ಬರುತ್ತೆ. ಅದೇ 1+3 ಆದರೆ 15 ನಿಮಿಷ ಹತ್ತೂವರೆ ಆಗುತ್ತೆ. ರೋಡಿನಾಲ್ 1+50ರ 11 ನಿಮಿಷ ಸುಮಾರು ಏಳೂಮುಕ್ಕಾಲು. ಎರಡೂ ಆರಾಮ. ಅಂದ್ರೆ ನಮ್ಮೂರಲ್ಲಿ ತೆಳು ಡೆವಲಪರ್ ಬಳಸೋಕೆ ಕಾಂಟ್ರಾಸ್ಟ್ ಒಂದೇ ಕಾರಣ ಅಲ್ಲ, ಸೆಕೆಯೂ ಕಾರಣ.

ನೀರು 28, 30 ಇದ್ದರೆ ಐಸ್ ಕ್ಯೂಬನ್ನು ಜಿಪ್ ಕವರಿನಲ್ಲಿ ಹಾಕಿ, ಬಾಟಲಿಗಳನ್ನಿಟ್ಟ ಟಬ್ಬಿಗೆ ಬಿಡಿ. ಡೆವಲಪರ್ ಒಳಗೇ ಐಸ್ ಹಾಕಬೇಡಿ, ಅಳತೆ ಕೆಡುತ್ತೆ. ಸ್ಟಾಪ್ ಬಾತ್ (ಡೆವಲಪಿಂಗ್ ನಿಲ್ಲಿಸೋ ದ್ರಾವಣ), ಫಿಕ್ಸರ್, ವಾಶ್ ಎಲ್ಲವೂ ಹೆಚ್ಚುಕಡಿಮೆ ಒಂದೇ ಶಾಖದಲ್ಲಿ ಇರಲಿ.

ಬೋರ್‌ವೆಲ್_ಬಡಾವಣೆ

ಮೇಡಂ, ತುಂಬಾ ಥ್ಯಾಂಕ್ಸ್. ಬ್ಯಾಟರಿ ನೀರಿನ ಐಡಿಯಾ ಹೊಳೆದೇ ಇರಲಿಲ್ಲ.

ಕರಾವಳಿ_ಕ್ಯಾಮರಾ

ಪ್ಯಾನ್ ಎಫ್ ತಗೊಳ್ಳುವ ಮೊದಲು ಒಂದು ವಿಷಯ ಗೊತ್ತಿರಲಿ ಮಾರಾಯ್ರೆ. ಅದರಲ್ಲಿ ತೆಗೆದ ಚಿತ್ರ ಕಾಯುವುದಿಲ್ಲ. ಬೇರೆ ಫಿಲ್ಮ್ ತೆಗೆದು ಕಪಾಟಿನಲ್ಲಿ ಮರೆತರೂ ಏನಾಗುವುದಿಲ್ಲ. ಇದರಲ್ಲಿ ಡೆವಲಪ್ ಆಗದ ಬಿಂಬ ದಿನ ಕಳೆದಂತೆ ಮಾಸುತ್ತಾ ಹೋಗುತ್ತದೆ. ಮೂರು ತಿಂಗಳ ಒಳಗೆ ಡೆವಲಪ್ ಮಾಡಿ ಎಂದು ಕಂಪನಿಯೇ ಹೇಳುತ್ತದೆ. ದಸರಾಕ್ಕೆ ಅರ್ಧ ರೋಲ್, ಯುಗಾದಿಗೆ ಇನ್ನರ್ಧ ಎನ್ನುವವರು ಇದನ್ನು ಮುಟ್ಟಲೇಬೇಡಿ.

ಇದರಿಂದ ಇನ್ನೊಂದು ಗೊಂದಲ. ಫಿಲ್ಮಿನ ಅಂಚಿನಲ್ಲಿ ಹೆಸರು, ನಂಬರ್ ಇರುತ್ತದಲ್ಲ? ಅದನ್ನು ಕಾರ್ಖಾನೆಯಲ್ಲೇ ಬೆಳಕಿಗೆ ಒಡ್ಡಿರುತ್ತಾರೆ. ಬೇರೆ ಫಿಲ್ಮಿನಲ್ಲಿ ಅಂಚಿನ ಅಕ್ಷರ ಮಸುಕಾದರೆ ಡೆವಲಪಿಂಗ್ ಕಡಿಮೆಯಾಗಿದೆ ಎಂದು ತಿಳಿಯಬಹುದು. ಪ್ಯಾನ್ ಎಫ್‌ನಲ್ಲಿ ಆ ಅಕ್ಷರಗಳು ಅಂಗಡಿಗೆ ಬರುವಷ್ಟರಲ್ಲೇ ಮಾಸಿರುತ್ತವೆ. ಅದನ್ನು ನೋಡಿ ಗಾಬರಿಯಾಗಿ ಮುಂದಿನ ರೋಲಿಗೆ ಸಮಯ ಏರಿಸಿದರೆ ಆಕಾಶ ಸುಟ್ಟುಹೋಗುತ್ತದೆ. ಚಿತ್ರದ ನೆರಳು ನೋಡಿ, ಅಂಚು ನೋಡಬೇಡಿ.

ನನ್ನ ಮತ ಡೆಲ್ಟಾ 100ಕ್ಕೆ. ಗ್ರೇನ್ ಪ್ಯಾನ್ ಎಫ್‌ಗಿಂತ ತುಸು ಜಾಸ್ತಿ, ಆದರೆ ಒಂದು ಸ್ಟಾಪ್ ವೇಗ ಸಿಗುತ್ತದೆ, ಕಾಂಟ್ರಾಸ್ಟ್ ಮಾತು ಕೇಳುತ್ತದೆ. ಡಿ-76 1+1ರಲ್ಲಿ 11 ನಿಮಿಷ. ಫಿಕ್ಸರಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಇಡಿ. ಡೆಲ್ಟಾ, ಟಿ-ಮ್ಯಾಕ್ಸ್‌ನಂಥವು ನಿಧಾನಕ್ಕೆ ಬಿಡಿಸಿಕೊಳ್ಳುತ್ತವೆ. ತುದಿಯ ತುಂಡೊಂದನ್ನು ಫಿಕ್ಸರಿಗೆ ಹಾಕಿ, ಪಾರದರ್ಶಕ ಆಗಲು ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಇಟ್ಟರೆ ಸಾಕು. ಟಿ-ಮ್ಯಾಕ್ಸ್‌ಗೆ ಮೂರರಷ್ಟು.

ಜಯನಗರ_4ನೇ_ಬ್ಲಾಕ್

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಹಾಗಾದ್ರೆ 25ರ ಫಿಲ್ಮುಗಳು? ಆರ್‌ಪಿಎಕ್ಸ್ 25, ಸಿಎಂಎಸ್ 20? ಸಿಎಂಎಸ್ ಬಗ್ಗೆ ಮಿಲಿಮೀಟರಿಗೆ 800 ಗೆರೆ ಜೋಡಿ ಅಂತ ಬರೆದಿದ್ದಾರೆ. ಓದಿ ತಲೆ ತಿರುಗಿತು.

ಟ್ರೈಪಾಡ್_ಪ್ರಿಯ

800 ಗೆರೆ ಫಿಲ್ಮಿಗೆ ಗುರು, ಲೆನ್ಸಿಗಲ್ಲ. ನಿಮ್ಮ 50 ಎಂಎಂ ಲೆನ್ಸ್ ಅದರ ಕಾಲು ಭಾಗ ಮುಟ್ಟಿದರೂ ದೊಡ್ಡದು. ಕೈಯಲ್ಲಿ ಹಿಡಿದು 1/30ರಲ್ಲಿ ತೆಗೆದರೆ ಎಚ್‌ಪಿ5ಗಿಂತ ಚೆನ್ನಾಗಿ ಬರೋದೂ ಅನುಮಾನ. ಸ್ಲೋ ಫಿಲ್ಮಿಗೆ ನಿಜವಾದ ಡೆವಲಪರ್ ಅಂದ್ರೆ ಟ್ರೈಪಾಡ್.

ಲೆಕ್ಕ ಹಾಕಿ. 50ರ ಫಿಲ್ಮ್, ನೆತ್ತಿ ಬಿಸಿಲು: ಎಫ್/8, 1/200. ಸಲೀಸು. ಅದೇ ಲಾಲ್‌ಬಾಗಿನ ದೊಡ್ಡ ಮರಗಳ ಕೆಳಗೆ ನಾಲ್ಕೈದು ಸ್ಟಾಪ್ ಹೋಯಿತು ಅನ್ನಿ. ಎಫ್/8ರಲ್ಲಿ 1/12, ಇಲ್ಲಾ 1/6. 25ರ ಫಿಲ್ಮ್ ಆದರೆ ಅದರ ಎರಡರಷ್ಟು ಹೊತ್ತು. ಅದರ ಮೇಲೆ ಕೆಂಪು ಫಿಲ್ಟರ್ ಹಾಕಿದರೆ ಇನ್ನೂ ಮೂರು ಸ್ಟಾಪ್, ಅಂದ್ರೆ ಐಎಸ್‌ಒ 3. ಆಗ ಇರುವೆ ಸಾಲು ಬಿಟ್ಟು ಏನು ಬೇಕಾದ್ರೂ ತೆಗೀಬಹುದು.

ಒಂದು ಸೆಕೆಂಡು ದಾಟಿದ ಮೇಲೆ ರೆಸಿಪ್ರಾಸಿಟಿ ಅನ್ನೋ ಕಾಟ ಶುರು. ಮಂದ ಬೆಳಕಿನಲ್ಲಿ ಫಿಲ್ಮ್ ತನ್ನ ವೇಗ ಕಳ್ಕೊಳ್ಳುತ್ತೆ. ಇಲ್‌ಫೋರ್ಡ್ ಕೊಟ್ಟಿರೋ ಸೂತ್ರದಲ್ಲಿ ಮೀಟರ್ ಹೇಳಿದ ಸೆಕೆಂಡಿಗೆ ಪ್ಯಾನ್ ಎಫ್‌ಗೆ 1.33, ಎಫ್‌ಪಿ4ಗೆ ಮತ್ತು ಡೆಲ್ಟಾ 100ಕ್ಕೆ 1.26 ಘಾತ. ಸ್ಯಾಂಕಿ ಕೆರೆ ದಂಡೆಯಲ್ಲಿ ಸಂಜೆ ಮೀಟರ್ 30 ಸೆಕೆಂಡು ತೋರಿಸಿದರೆ ಪ್ಯಾನ್ ಎಫ್‌ಗೆ ಸುಮಾರು 92 ಸೆಕೆಂಡು ಬೇಕು, ಎಫ್‌ಪಿ4ಗೆ 73. ಫೋಮಾಪ್ಯಾನ್ 100 ಇನ್ನೂ ಮೊಂಡು. 10 ಸೆಕೆಂಡಿಗೆ 80 ಕೇಳುತ್ತೆ. ಫ್ಯೂಜಿ ಅಕ್ರೋಸ್ ಮಾತ್ರ ಸಾಧು, 120 ಸೆಕೆಂಡಿನ ತನಕ ಏನೂ ಸೇರಿಸೋದು ಬೇಡ. ಸಂಜೆ ಕೆರೆ ತೆಗೆಯೋರು ಕಣ್ಣು ಮುಚ್ಚಿ ಅಕ್ರೋಸ್ 2 ತಗೊಳ್ಳಿ.

ಪಾರ್ಕುಗಳಲ್ಲಿ ಟ್ರೈಪಾಡ್ ಬಿಚ್ಚಿದ ತಕ್ಷಣ ಕಾವಲಿನವರು ಬಂದು ಪರ್ಮಿಶನ್ ಎಲ್ಲಿ ಅಂತಾರೆ, ಅದು ಬೇರೆ ಕತೆ. ಮೊಬೈಲಲ್ಲಿ ಮದುವೆ ಶೂಟ್ ಮಾಡಿದ್ರೂ ಕೇಳಲ್ಲ, ಮೂರು ಕಾಲು ಕಂಡ್ರೆ ಸಾಕು. ಮೊದಲೇ ಕೇಳಿಕೊಂಡು ಹೋಗಿ.

ಕತ್ತಲೆ_ಕೋಣೆ

ಸಿಎಂಎಸ್ 20 ಮೂಲದಲ್ಲಿ ದಾಖಲೆ ಪತ್ರಗಳ ನಕಲು ತೆಗೆಯೋ ಜಾತಿಯ ಫಿಲ್ಮ್. ಅಕ್ಷರ ಕಪ್ಪು, ಕಾಗದ ಬಿಳಿ, ನಡುವೆ ಏನೂ ಬೇಡ ಅನ್ನೋ ಕೆಲಸಕ್ಕೆ ಹುಟ್ಟಿದ್ದು. ಅದರಿಂದ ಬೂದು ಬಣ್ಣ ಹೊರಡಿಸೋಕೆ ಅಡಾಕ್ಸ್‌ನವರ ಅಡೊಟೆಕ್ ಅನ್ನೋ ಡೆವಲಪರೇ ಬೇಕು. ಡಿ-76ಗೆ ಹಾಕಿದರೆ ಬರೀ ಸುಣ್ಣ, ಬರೀ ಇದ್ದಿಲು. ಕೊಡಾಕ್ ಟೆಕ್ನಿಕಲ್ ಪ್ಯಾನ್ ಕೂಡ ಇದೇ ಸ್ವಭಾವದ್ದು, ಅದಕ್ಕೂ ಟೆಕ್ನಿಡಾಲ್ ಅಂತ ಬೇರೆ ಡೆವಲಪರ್ ಇತ್ತು. ಇಂಥ ಫಿಲ್ಮ್ ತಗೊಳ್ಳೋದಾದರೆ ಅದರ ಡೆವಲಪರ್ ಜೊತೆಗೇ ಸಿಗುತ್ತಾ ನೋಡಿ. ಫಿಲ್ಮ್ ಇದ್ದು ಡೆವಲಪರ್ ಇಲ್ಲ ಅಂದ್ರೆ ಅದು ಫ್ರಿಜ್ಜಿನಲ್ಲಿ ಜಾಗ ಹಿಡಿಯುತ್ತೆ ಅಷ್ಟೇ.

ರೋಲೈ ರೆಟ್ರೋ 80ಎಸ್ ಅಂತ ಇನ್ನೊಂದಿದೆ. ವಿಮಾನದಿಂದ ನೆಲದ ಚಿತ್ರ ತೆಗೆಯೋಕೆ ಆಗ್ಫಾ ಮಾಡುತ್ತಿದ್ದ ಫಿಲ್ಮಿನ ಸಂತತಿ. ಕೆಂಪಿನಾಚೆಗೂ ಅದಕ್ಕೆ ಕಣ್ಣು ಕಾಣುತ್ತೆ. ಕೆಂಪು ಫಿಲ್ಟರ್ ಹಾಕಿದರೆ ಆಕಾಶ ಕಪ್ಪು, ಎಲೆಗಳು ತಿಳಿ. ಚಂದ, ಆದರೆ ನೆರಳಿನಲ್ಲಿ ಭಾರಿ ಜಿಪುಣ. 80 ಅಂತ ನಂಬಬೇಡಿ, 40ಕ್ಕೋ 25ಕ್ಕೋ ಇಡಿ.

ಎಫ್ಕೆ 25 ಯಾರಾದರೂ ಹಳೇ ರೋಲ್ ಕೊಟ್ಟರೆ ಬಿಡಬೇಡಿ. ಕ್ರೊಯೇಷಿಯಾದ ಫೋಟೊಕೆಮಿಕಾ 2012ರಲ್ಲಿ ಬಾಗಿಲು ಹಾಕಿತು. ಸ್ಲೋ ಫಿಲ್ಮುಗಳಿಗೆ ವಯಸ್ಸಿನ ಮಬ್ಬು ಬೇಗ ಹತ್ತಲ್ಲ, ತಣ್ಣಗಿಟ್ಟಿದ್ದರೆ ಈಗಲೂ ಬಳಸಬಹುದು.

ಬೆಳ್ಳಿ_ಕಣ

ಯಾರೂ ಡಿ-23 ಹೆಸರು ಹೇಳಿಲ್ಲವಲ್ಲ! ಸ್ಲೋ ಫಿಲ್ಮಿಗೆ ನನ್ನ ಆಯ್ಕೆ ಅದೇ. ಎರಡೇ ವಸ್ತು: ಮೆಟಾಲ್ 7.5 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಒಂದು ಲೀಟರ್ ನೀರು. ಹೈಡ್ರೋಕ್ವಿನೋನ್ ಇಲ್ಲದ ಕಾರಣ ಮೆದು. ಬೆಳಕಿನ ಭಾಗ ಓಡಿಹೋಗಲ್ಲ. 1+3 ಮಾಡಿ ಒಂದೇ ಸಲ ಬಳಸಿ ಚೆಲ್ಲಿದರೆ ಅಂಚೂ ಚೂಪಾಗಿರುತ್ತೆ.

ಮಾಡೋ ಕ್ರಮ ಮುಖ್ಯ. ಡಿಸ್ಟಿಲ್ಡ್ ನೀರನ್ನು 50 ಡಿಗ್ರಿಗೆ ಕಾಯಿಸಿ, ಮುಕ್ಕಾಲು ಲೀಟರ್ ಸಾಕು. ಮೊದಲು ಸಲ್ಫೈಟ್ ಒಂದು ಚಿಟಿಕೆ. ಅದು ನೀರಲ್ಲಿರೋ ಆಮ್ಲಜನಕವನ್ನು ಹಿಡಿಯುತ್ತೆ. ಆಮೇಲೆ ಮೆಟಾಲ್. ಅದು ಪೂರ್ತಿ ಕರಗಿ ನೀರು ತಿಳಿಯಾದ ಮೇಲೇ ಉಳಿದ ಸಲ್ಫೈಟನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಕಲಕಿ. ತಿರುಗುಮುರುಗು ಮಾಡಿದರೆ ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗಲ್ಲ, ಬಿಳಿ ಬಿಳಿಯಾಗಿ ತೇಲುತ್ತೆ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ. ಗ್ಲೌಸ್ ಹಾಕಿಕೊಳ್ಳಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರಲ್ಲ, ತುರಿಕೆ ಶುರುವಾದರೆ ಮತ್ತೆ ಮುಟ್ಟುವ ಹಾಗಿಲ್ಲ.

ಸಮಯದ ವಿಷಯ ಪಟ್ಟಿ ನೋಡಿ ಹೇಳೋದಕ್ಕಿಂತ ನೀವೇ ಕಂಡುಕೊಳ್ಳಿ. ಒಂದೇ ದೃಶ್ಯವನ್ನು ಇಡೀ ರೋಲ್ ತುಂಬ ತೆಗೀರಿ, 25, 32, 50 ಅಂತ ಬದಲಿಸ್ತಾ. ನೆರಳು, ಬಿಸಿಲು ಎರಡೂ ಇರೋ ಗೋಡೆ ಆದರೆ ಒಳ್ಳೇದು. ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗಿನಲ್ಲಿ ರೋಲನ್ನು ಮೂರು ತುಂಡು ಮಾಡಿ, ಮೂರು ಬೇರೆ ಬೇರೆ ಸಮಯಕ್ಕೆ ಡೆವಲಪ್ ಮಾಡಿ. ನೆರಳಿನಲ್ಲಿ ವಿವರ ಬಂದಿದೆಯಾ ಅಂತ ನೋಡಿ ಐಎಸ್‌ಒ ಆರಿಸಿ. ಬಿಸಿಲಿನ ಭಾಗ ಪ್ರಿಂಟ್ ಆಗುತ್ತಾ ಅಂತ ನೋಡಿ ಸಮಯ ಆರಿಸಿ. ಅಲ್ಲಿ ಹಳೇ ಸ್ಟುಡಿಯೋ ಸರ್ ಹೇಳಿದ ದಿನಪತ್ರಿಕೆ ಉಪಾಯ ಕೆಲಸಕ್ಕೆ ಬರುತ್ತೆ. ಒಂದು ರೋಲ್ ಹೋಯಿತು ಅಂತ ಬೇಜಾರು ಬೇಡ.

ಕರಾವಳಿ_ಕ್ಯಾಮರಾ

ರೋಡಿನಾಲ್ 1+100ರಲ್ಲಿ ಒಂದು ಗಂಟೆ ಅಲ್ಲಾಡಿಸದೆ ಇಡುವುದು, ಸ್ಟ್ಯಾಂಡ್ ಎನ್ನುತ್ತಾರಲ್ಲ, ಅದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಏನು? ಕಾಂಟ್ರಾಸ್ಟಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಎನ್ನುವವರಿದ್ದಾರೆ.

ಹಳೇ_ಸ್ಟುಡಿಯೋ

ಸೋಮಾರಿಗಳ ಕೆಲಸ.

ಕತ್ತಲೆ_ಕೋಣೆ

ಸರ್ ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ನಾನು ಸ್ವಲ್ಪ ಬಿಡಿಸಿ ಹೇಳ್ತೀನಿ. 35 ಎಂಎಂನಲ್ಲಿ ಅಲ್ಲಾಡಿಸದೆ ಇಟ್ಟರೆ ಕಪ್ಪಾದ ಭಾಗದಿಂದ ಬಿಡುಗಡೆಯಾದ ಬ್ರೋಮೈಡ್ ಕೆಳಗಿಳಿದು ಗೆರೆ ಎಳೆಯುತ್ತೆ. ಫಿಲ್ಮಿನ ಅಂಚಿನ ಹಲ್ಲಿನ ತೂತುಗಳ ನೇರಕ್ಕೆ ಆಕಾಶದಲ್ಲಿ ಪಟ್ಟೆ ಬೀಳುತ್ತೆ. ನಮ್ಮ ಬೇಸಿಗೆಯಲ್ಲಿ 28 ಡಿಗ್ರಿಗೆ ಒಂದು ಗಂಟೆ ಇಟ್ಟರೆ ಕಾಂಟ್ರಾಸ್ಟ್ ಇಳಿಯೋದಿರಲಿ, ಏರಿ ಕೂರುತ್ತೆ, ಮಬ್ಬೂ ಹತ್ತುತ್ತೆ. ಇನ್ನೊಂದು, ಒಂದು ರೋಲಿಗೆ ಕಡಿಮೆ ಅಂದ್ರೂ 5 ಮಿಲಿ ರೋಡಿನಾಲ್ ಬೇಕು. 300 ಮಿಲಿ ಟ್ಯಾಂಕಿಗೆ 1+100 ಹಾಕಿದರೆ ಮೂರೇ ಮಿಲಿ. ಡೆವಲಪ್ ಮಾಡೋಕೆ ಶಕ್ತಿ ಎಲ್ಲಿಂದ ಬರಬೇಕು? ದೊಡ್ಡ ಟ್ಯಾಂಕ್ ತಗೊಂಡು, ಅರ್ಧ ಗಂಟೆಗೆ ಒಂದು ಸಲ ತಿರುಗಿಸಿ, ಡಿಸೆಂಬರಿನಲ್ಲಿ ಮಾಡೋದಾದರೆ ನನ್ನ ತಕರಾರಿಲ್ಲ.

ಬೋರ್‌ವೆಲ್_ಬಡಾವಣೆ

ಒಂದು ತಲೆಹರಟೆ ಪ್ರಶ್ನೆ. ಕಾಫಿಯಲ್ಲಿ ಡೆವಲಪ್ ಮಾಡ್ತಾರಂತೆ. ಚಿಕ್ಕಮಗಳೂರು ನಮ್ಮದೇ, ಕಾಫಿಗೇನು ಬರ?

ಬೆಳ್ಳಿ_ಕಣ

ತಲೆಹರಟೆ ಏನಲ್ಲ. ಕೆಫೆನಾಲ್ ಅಂತಾರೆ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತರಗತಿಯಲ್ಲಿ ಶುರುವಾದದ್ದು. ಸ್ಲೋ ಫಿಲ್ಮಿಗೇ ಅದು ಚೆನ್ನಾಗಿ ಹೊಂದೋದು. ವೇಗದ ಫಿಲ್ಮಿಗೆ ಮಬ್ಬು ಕಟ್ಟದ ಹಾಗೆ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಬೇಕು, 100ರ ಒಳಗಿನವಕ್ಕೆ ಬೇಡ. ಲೀಟರಿಗೆ ನೀರಿನಂಶ ಇಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ, ಇದೇ ಕ್ರಮದಲ್ಲಿ. ವಿಟಮಿನ್ ಹಾಕಿದಾಗ ಬುಸ್ ಅಂತ ನೊರೆ ಬರುತ್ತೆ, ದೊಡ್ಡ ಪಾತ್ರೆ ಇರಲಿ. 20 ಡಿಗ್ರಿಯಲ್ಲಿ 15 ನಿಮಿಷದಿಂದ ಶುರು ಮಾಡಿ.

ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾವನ್ನು ಬಾಣಲೆಯಲ್ಲಿ ಹುರಿಯಿರಿ. ಮೊದಲು ಪುಡಿ ಕುದಿಯೋ ಹಾಗೆ ಪುಟಪುಟ ಅನ್ನುತ್ತೆ, ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತೆ. ಆ ಅಲುಗಾಟ ನಿಂತ ಮೇಲೆ ಉಳಿಯೋದು ನಿಮಗೆ ಬೇಕಾದ ಕಾರ್ಬೊನೇಟ್. ಆ ಬಾಣಲೆಯಲ್ಲಿ ಆಮೇಲೆ ಒಗ್ಗರಣೆ ಹಾಕಬೇಡಿ.

ಫಿಲ್ಟರ್ ಕಾಫಿ ಪುಡಿ ಬೇಡ, ಡಿಕಾಕ್ಷನ್ ಪ್ರತಿಸಲ ಒಂದೊಂದು ಹದಕ್ಕೆ ಇಳಿಯುತ್ತೆ. ಚಿಕೋರಿ ಬೆರೆತ ಇನ್‌ಸ್ಟಂಟ್ ಕೂಡ ಬೇಡ. ಪ್ಯಾಕೆಟ್ ಹಿಂದೆ ಓದಿ, ಪೂರ್ತಿ ಕಾಫಿಯದ್ದೇ ತಗೊಳ್ಳಿ. ವಾಸನೆ ಮಾತ್ರ ಭಯಂಕರ. ಮನೆಯವರು ಹೊರಗೆ ಹೋದಾಗ ಮಾಡಿ. ಇಷ್ಟೆಲ್ಲ ಹೇಳಿದ ಮೇಲೂ, ಲಾಲ್‌ಬಾಗಿನ ಬಂಡೆ ದೊಡ್ಡ ಪ್ರಿಂಟಿಗೆ ನಾನಾದರೆ ಡಿ-23ನೇ ಬಳಸೋದು.

ಜಯನಗರ_4ನೇ_ಬ್ಲಾಕ್

ಎಲ್ಲರಿಗೂ ಥ್ಯಾಂಕ್ಸ್. ಎಫ್‌ಪಿ4 ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ?

ಹಳೇ_ಸ್ಟುಡಿಯೋ

ಹೇಳೋಕೆ ಏನಿಲ್ಲ ಅಂತಲೇ ಅದು ಒಳ್ಳೇದು. 125 ಅಂತ ಬರೆದಿದ್ದಾರೆ, 64ಕ್ಕೆ ಇಡು, ಡಿ-76 1+1ರಲ್ಲಿ 11 ನಿಮಿಷ ಇರೋದನ್ನ ಒಂಬತ್ತೋ ಒಂಬತ್ತೂವರೆಯೋ ಮಾಡು. ಬಂಡೆ ಮೇಲಿನ ಬಿಸಿಲೂ ಬರುತ್ತೆ, ಸಂದಿಯ ನೆರಳೂ ಬರುತ್ತೆ. ಪ್ಯಾನ್ ಎಫ್ ನೋಡೋಕೆ ಚಂದ, ಸಾಕೋಕೆ ಕಷ್ಟ. ಮೊದಲು ಎಫ್‌ಪಿ4ನಲ್ಲಿ ಕೈ ಕೂರಲಿ.

ಕತ್ತಲೆ_ಕೋಣೆ

35 ಎಂಎಂನಲ್ಲಿ 12×16 ಇಂಚಿನ ಪ್ರಿಂಟಿಗೆ ಪ್ಯಾನ್ ಎಫ್‌ಗೂ ಎಫ್‌ಪಿ4ಗೂ ವ್ಯತ್ಯಾಸ ಕಾಣುತ್ತೆ ಸರ್, ಬಂಡೆಯಂಥ ನಯವಾದ ಮೈಯಲ್ಲಿ. 120 (ದೊಡ್ಡ ಅಳತೆಯ ಫಿಲ್ಮ್) ಕ್ಯಾಮರಾ ಇದ್ದಿದ್ದರೆ ನಿಮ್ಮ ಮಾತೇ ಸರಿ. ಅಲ್ಲಿ ಎಫ್‌ಪಿ4 ಸಾಕೋ ಸಾಕು.

ಹಳೇ_ಸ್ಟುಡಿಯೋ

ಪ್ರಿಂಟಿಗೆ ಮೂಗು ತಾಗಿಸಿ ನೋಡೋರಿಗೆ ಕಾಣುತ್ತೆ ಬಿಡಿ.

ಟ್ರೈಪಾಡ್_ಪ್ರಿಯ

ಇಲ್‌ಫೋರ್ಡ್ ಆರ್ಥೋ ಪ್ಲಸ್ ಯಾರಾದರೂ ಬಳಸಿದ್ದೀರಾ? ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲು ಬೆಳಗಿನ ಜಾವ ತೆಗೀಬೇಕು ಅಂತಿದ್ದೀನಿ.

ಬೆಳ್ಳಿ_ಕಣ

ಹೂವಿನ ಸಾಲಿಗೆ ಯೋಚನೆ ಮಾಡಿ ಹೋಗಿ. ಆರ್ಥೋಗೆ ಕೆಂಪು ಕಾಣಲ್ಲ. ಗುಲಾಬಿ ರಾಶಿ ಇದ್ದಿಲ ರಾಶಿಯ ಹಾಗೆ ಬರುತ್ತೆ. ಮಲ್ಲಿಗೆ, ಸೇವಂತಿಗೆ ಪರವಾಗಿಲ್ಲ. ಹೂ ಮಾರೋರ ಹಣೆಯ ಕುಂಕುಮ ಕಪ್ಪು, ತುಟಿ ಕಪ್ಪು, ಮುಖದ ಬಣ್ಣವೂ ಎರಡು ಮೆಟ್ಟಿಲು ಗಾಢ. ಕೆಲವರ ಮುಖಕ್ಕೆ ಅದು ಅದ್ಭುತವಾಗಿ ಒಪ್ಪುತ್ತೆ, ಕೆಲವರು ಪ್ರಿಂಟ್ ನೋಡಿ ನಿಮ್ಮನ್ನು ಬೈತಾರೆ. ಹೈಕೋರ್ಟಿನ ಕೆಂಪು ಕಟ್ಟಡವನ್ನು ಇದರಲ್ಲಿ ತೆಗೆದರೆ ಮಾತ್ರ ನೋಡೋ ಹಾಗಿರುತ್ತೆ. ಗೋಡೆ ಗಾಢ, ಕಂಬ, ಅಂಚುಗಳು ಬೆಳ್ಳಗೆ.

ಇದರ ದೊಡ್ಡ ಅನುಕೂಲ, ಗಾಢ ಕೆಂಪು ದೀಪದ ಕೆಳಗೆ ಕಣ್ಣಾರೆ ನೋಡ್ತಾ ಡೆವಲಪ್ ಮಾಡಬಹುದು. ಬೆಳಕಿನ ಭಾಗ ಸಾಕು ಅನಿಸಿದಾಗ ತೆಗೆದು ಸ್ಟಾಪ್ ಬಾತಿಗೆ ಹಾಕಿ.

ಇನ್ನು ಐಎಸ್‌ಒ. ಹಗಲಿಗೆ 80, ಹಳದಿ ಬಲ್ಬಿನ ಬೆಳಕಿಗೆ 40. ಹಳದಿ ಬಲ್ಬಿನಲ್ಲಿ ಕೆಂಪೇ ಜಾಸ್ತಿ, ಅದು ಈ ಫಿಲ್ಮಿಗೆ ಲೆಕ್ಕಕ್ಕಿಲ್ಲ. ಈಗ ಮಾರ್ಕೆಟ್ಟಿನಲ್ಲಿ ಬಹುಪಾಲು ಬಿಳಿ ಎಲ್‌ಇಡಿ ಬಂದಿದೆ, ನಡುವೆ ಅಲ್ಲೊಂದು ಇಲ್ಲೊಂದು ಹಳೇ ಬಲ್ಬು. ಯಾವ ದೀಪದ ಕೆಳಗೆ ನಿಂತಿದ್ದೀರಿ ಅಂತ ನೋಡಿಕೊಂಡು ಮೀಟರ್ ಬದಲಿಸಿ. ಗೊತ್ತಾಗದಿದ್ದರೆ 40ಕ್ಕೇ ಇಟ್ಟುಬಿಡಿ.